ಸಲಿಕೆ ಮುಟ್ಟದ ನೆಲ

ಹೋದ ವಾರ ಡೆಟ್ರಾಯಿಟ್ ಹತ್ತಿರದ ಪ್ಲಿಮತ್‌ನ ತೋಟದ ಅಂಗಡಿಯಲ್ಲಿ ಒಂದು ಪೀಟ್ ಚೀಲ ಹರಿದು ಬಿದ್ದಿತ್ತು. ಟೊಮ್ಯಾಟೊ ಸಸಿ ತರಲು ಹೋದವಳು ಅದರ ಮುಂದೆ ಬಂಡಿ ನಿಲ್ಲಿಸಿಕೊಂಡು ನಿಂತೇ ಬಿಟ್ಟೆ. ಪೀಟ್ ಅಂದರೆ ಬೇರೇನಲ್ಲ, ಉತ್ತರದ ಜೌಗಿನಲ್ಲಿ ಸತ್ತ ಪಾಚಿ ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಪದರದ ಮೇಲೆ ಪದರ ಕೂತು ಆದ ಕಂದು ಮಣ್ಣು. ಅದರ ವಾಸನೆ ನಮ್ಮ ಮೊದಲ ಮಳೆಯ ಮಣ್ಣಿನ ವಾಸನೆಯಲ್ಲ. ಒದ್ದೆ ಗೋಣಿಚೀಲಕ್ಕೆ ಹುಣಸೆಹುಳಿ ತಾಗಿದ ಹಾಗೆ ಒಂದು ಹುಳಿವಾಸನೆ.

"ಮಾಮ್, ಇಟ್ಸ್ ಜಸ್ಟ್ ಡರ್ಟ್," ಅಂದಳು ಮಗಳು.

"ಜಸ್ಟ್ ಡರ್ಟ್ ಅಂತ! ಈ ಮಣ್ಣಿನ ಸಲುವಾಗಿ ನಾ ಒಂದು ಇಡೀ ಚಳಿಗಾಲ ಜಗಳ ಆಡೀನಿ, ನಿನಗೇನ ಗೊತ್ತು," ಅಂದೆ. ಅವಳು ಕಣ್ಣು ತಿರುಗಿಸಿ ಸಸಿಗಳ ಕಡೆ ಹೋದಳು. ಅವಳಿಗೆ ಹೇಳುವುದು ಇನ್ನೂ ಬಾಕಿ ಇದೆ, ಅದಕ್ಕೇ ಇಲ್ಲಿ ಬರೀತಿದೀನಿ.

ಅದು ಎರಡು ಸಾವಿರದ ಮೂರು ಮುಗಿದು ನಾಲ್ಕು ಹಿಡಿದ ಚಳಿಗಾಲ. ನಾವಾಗ ಇಲ್ಲೇ ಪಕ್ಕದ ಕ್ಯಾಂಟನ್‌ನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಗಂಡ ದಸ್ತಗೀರ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಡ್ರಾಯಿಂಗ್ ತೆಗೆಯುತ್ತಿದ್ದ. ನಾನು ಡೆಟ್ರಾಯಿಟ್ ಕಡೆಯ ಒಂದು ಯೂನಿವರ್ಸಿಟಿಯಲ್ಲಿ ಎಂ.ಎಸ್. ಮಾಡುತ್ತಿದ್ದೆ. ನನ್ನ ವಿಷಯ ಕೇಳಿದವರೆಲ್ಲ ಒಂದು ಸಲ ನಗದೆ ಬಿಡುತ್ತಿರಲಿಲ್ಲ. ಉತ್ತರ ಕೆನಡಾದ ಪೀಟ್ ಜೌಗುಗಳ ಅಡಿಯಲ್ಲಿ ವರ್ಷವಿಡೀ ಕರಗದೆ ಹೆಪ್ಪುಗಟ್ಟಿಯೇ ಇರುವ ನೆಲ ಇರುತ್ತದೆ. ಅದು ಎಲ್ಲೆಲ್ಲಿ ಉಳಿದಿದೆ, ಎಲ್ಲಿ ಕರಗಿಹೋಗಿದೆ ಅಂತ ಅಗೆಯದೆ ಕಂಡುಹಿಡಿಯಬೇಕು. ಯುಗಾದಿ ಕಾರ್ಯಕ್ರಮದಲ್ಲಿ ಒಬ್ಬ ಅಂಕಲ್ಲು, "ಐಸ್ ನೋಡೋಕೆ ಕಾಲೇಜಿಗೆ ಯಾಕಮ್ಮ, ಕಿಟಕಿ ತೆಗೆದ್ರೆ ಸಾಕಲ್ಲ. ಸುಮ್ನೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡ್ಕೋ, ಆರು ತಿಂಗಳಲ್ಲಿ ಜಾಬ್," ಅಂದಿದ್ದರು. ಪಾಯಸದ ಬಟ್ಟಲು ಅವರ ಕೈಗೆ ಕೊಟ್ಟು ಬಂದೆ. ಕೊಟ್ಟ ರಭಸಕ್ಕೆ ಅರ್ಧ ಅವರ ಅಂಗಿ ಮೇಲೆ ಹೋಯಿತು. ಬೇಕಂತಲೇ ಮಾಡಿದೆನಾ ಅಂದರೆ, ಹೌದು.

ಈ ಹುಚ್ಚು ನನಗೆ ಹತ್ತಿದ್ದು ಅಪ್ಪನಿಂದ. ನಮ್ಮದು ಕೊಪ್ಪಳದ ಕಡೆಯ ಪಿಂಜಾರರ ಮನೆ, ಮನೆಮಾತು ಕನ್ನಡವೇ. ಅಪ್ಪ ಖಾಜಾಸಾಬ ಬೋರ್‌ವೆಲ್ಲಿಗೆ ಜಾಗ ತೋರಿಸುವ ಸರ್ಕಾರಿ ಕೆಲಸದಲ್ಲಿದ್ದ. ಅವನ ಹತ್ತಿರ ಒಂದು ಪೆಟ್ಟಿಗೆ ಯಂತ್ರ, ನಾಲ್ಕು ಕಬ್ಬಿಣದ ಗೂಟ, ಸುರುಳಿ ಸುತ್ತಿದ ವೈರು. ನಾಲ್ಕೂ ಗೂಟ ಒಂದೇ ಸಾಲಿನಲ್ಲಿ ನೆಲಕ್ಕೆ ಬಡಿಯುವುದು, ಹೊರಗಿನ ಎರಡರಿಂದ ಕರೆಂಟು ಬಿಡುವುದು, ಒಳಗಿನ ಎರಡರಲ್ಲಿ ನೆಲ ಅದನ್ನು ಎಷ್ಟು ತಡೆಯಿತು ಅಂತ ಅಳೆಯುವುದು. ಗೂಟಗಳನ್ನು ದೂರ ದೂರ ಸರಿಸಿದಂತೆ ಇನ್ನೂ ಆಳದ ಸುದ್ದಿ ಬರುತ್ತದೆ. ನೀರಿರುವ ನೆಲದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ರೀಡಿಂಗ್ ಇಳಿಯುತ್ತದೆ. ಒಣ ಬಂಡೆಯಿದ್ದರೆ ತಡೆಯುತ್ತದೆ, ಏರುತ್ತದೆ. ಇಷ್ಟೇ ವಿದ್ಯೆ.

ಆದರೆ ಅಪ್ಪ ಬೆಳಿಗ್ಗೆ ಯಂತ್ರ ಹಿಡಿದು ಬೆವರು ಸುರಿಸಿ ಜಾಗ ತೋರಿಸಿದರೆ, ಮಧ್ಯಾಹ್ನ ಅದೇ ಹೊಲಕ್ಕೆ ತೆಂಗಿನಕಾಯಿಯವನು ಬರುತ್ತಿದ್ದ. ಅಂಗೈಯಲ್ಲಿ ಕಾಯಿ ಇಟ್ಟುಕೊಂಡು ನಡೆಯುವವನು. ಕಾಯಿ ಎದ್ದು ನಿಂತಲ್ಲಿ ನೀರು! "ಸಾಬ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ, ನಿಮ್ಮ ಯಂತ್ರ ಇರಲಿ, ಕಾಯಿನೂ ಒಮ್ಮೆ ನೋಡಿಬಿಡೋಣು," ಅನ್ನುತ್ತಿದ್ದರು ಊರವರು. ಅಪ್ಪ ತೋರಿಸಿದಲ್ಲಿ ನೀರು ಬಿದ್ದರೆ ಅದು ದೇವರ ದಯೆ. ಬೀಳದಿದ್ದರೆ ಸಾಬರ ಯಂತ್ರ ಸುಳ್ಳು. ಅಪ್ಪನ ಮಾತು ಒಂದೇ ಇತ್ತು: "ಅಗದ ಮ್ಯಾಲ ಎಲ್ಲಾರೂ ಶಾಣ್ಯಾರು. ಅಗಿಯೂಕ್ಕಿಂತ ಮೊದಲ ಹೇಳೂದೈತಲ್ಲ, ಅದು ಕೆಲಸ."

ಬೇಸಿಗೆ ರಜೆಯಲ್ಲಿ ಉಪ್ಪುನೀರಿನ ಕ್ಯಾನು ಹೊತ್ತು ಅಪ್ಪನ ಹಿಂದೆ ತಿರುಗುವುದು ನನ್ನ ಪಾಲಿನ ಕೆಲಸ. ನಮ್ಮ ಕಡೆಯ ನೆಲ ಬಿಸಿಲಿಗೆ ಎಷ್ಟು ಒಣಗಿರುತ್ತಿತ್ತು ಅಂದರೆ ಗೂಟಕ್ಕೂ ಮಣ್ಣಿಗೂ ಸರಿಯಾಗಿ ತಾಗುತ್ತಲೇ ಇರಲಿಲ್ಲ. ಆಗ ರೀಡಿಂಗ್ ಸುಳ್ಳೇ ಆಕಾಶಕ್ಕೆ ಏರುತ್ತಿತ್ತು. ನಾನು ಗೂಟದ ಬುಡಕ್ಕೆ ಉಪ್ಪುನೀರು ಸುರಿಯುತ್ತಿದ್ದೆ. ಅಷ್ಟಕ್ಕೂ ಇಳಿಯದಿದ್ದರೆ ಅಪ್ಪ ವಹಿಯಲ್ಲಿ ಆ ಸಾಲಿನ ಮೇಲೆ ಪೆನ್ಸಿಲಿನಿಂದ ಗೀರು ಎಳೆದು, "ತಾಗಿಲ್ಲ, ಹೊಡದ ಹಾಕು," ಅನ್ನುತ್ತಿದ್ದ. ಆ ಗೀರು ಎಳೆಯುವುದನ್ನು ಹತ್ತು ವರ್ಷದವಳಿದ್ದಾಗಲೇ ಕಲಿತೆ. ಅದೇ ನನ್ನ ಕುತ್ತಿಗೆಗೆ ಬಂತು.

ನನ್ನ ಗೈಡಿನ ಹೆಸರು ವಾಲ್ಟ್. ಎಲ್ಲರೂ ಹಾಗೇ ಕರೆಯುತ್ತಿದ್ದರು, ನನ್ನ ಬಾಯಲ್ಲಿ ಮಾತ್ರ ಕೊನೆಯವರೆಗೂ ಸರ್. ಅರವತ್ತರ ಹತ್ತಿರದ ಮನುಷ್ಯ, ಕೆಟ್ಟವರಲ್ಲ, ಆದರೆ ಕಣ್ಣಲ್ಲಿ ಕಂಡರೇ ನಂಬುವ ಜಾತಿ. ಬೇಸಿಗೆಯಲ್ಲಿ ಅವರೂ ಇನ್ನಿಬ್ಬರೂ ಉತ್ತರಕ್ಕೆ ಹೋಗಿ ಒಂದು ಜೌಗಿನ ಮೇಲೆ ಗೂಟ ಬಡಿದು ರೀಡಿಂಗ್ ತಂದಿದ್ದರು. ನನ್ನ ಕೆನಡಾ ವೀಸಾದ ಕಾಗದ ಸಮಯಕ್ಕೆ ಬರಲಿಲ್ಲ, ನಾನು ಹೋಗಲಾಗಲಿಲ್ಲ. ಡೆಟ್ರಾಯಿಟ್ ನದಿ ದಂಡೆಗೆ ನಿಂತರೆ ಆ ಕಡೆ ಕೆನಡಾ ಕಾಣುತ್ತದೆ, ಅದೂ ಉತ್ತರಕ್ಕಲ್ಲ, ದಕ್ಷಿಣಕ್ಕೆ! ಎದುರಿಗಿರುವ ದೇಶದ ನೆಲ ಓದುತ್ತಿದ್ದೆ, ಕಾಲಿಡುವ ಹಾಗಿರಲಿಲ್ಲ.

ಆ ಜೌಗಿನವರು, ಅಂದರೆ ತಲೆತಲಾಂತರದಿಂದ ಆ ನೆಲದಲ್ಲಿ ಬದುಕಿದ ಮೂಲನಿವಾಸಿಗಳು, ಒಪ್ಪಿಗೆ ಕೊಟ್ಟ ಪತ್ರ ನಮ್ಮ ಲ್ಯಾಬಿನ ಗೋಡೆಗೆ ಅಂಟಿಸಿತ್ತು. ಅದರಲ್ಲಿ ಒಂದೇ ಷರತ್ತು. ನಡೆಯಿರಿ, ಅಳೆಯಿರಿ, ಆದರೆ ಅಗೆಯಬೇಡಿ, ಕೊರೆಯಬೇಡಿ. ಹಿಂದೆ ಯಾರೋ ಬಂದು ತೂತು ಕೊರೆದು ಹೋಗಿದ್ದರಂತೆ. ಆ ತೂತಿನ ಸುತ್ತ ಮಂಜು ಕರಗಿ, ನೆಲ ಕುಸಿದು, ಒಂದು ಹೊಂಡವೇ ಆಗಿತ್ತಂತೆ. ಪತ್ರದ ಕೊನೆಗೆ, "ನಾವು ನಡೆದಾಡುವ ದಾರಿ ಈಗ ಆ ಹೊಂಡ ಸುತ್ತಿ ಹೋಗುತ್ತದೆ," ಅಂತ ಬರೆದಿದ್ದರು. ದಿನಾ ಅದನ್ನು ಓದಿಯೇ ನಾನು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ.

ಅಕ್ಟೋಬರಿನಲ್ಲಿ ರೀಡಿಂಗ್ ಶುದ್ಧ ಮಾಡುವ ಕೆಲಸ ನನಗೆ ಬಂತು. ಕೆಟ್ಟ ರೀಡಿಂಗ್ ತೆಗೆದು ಒಳ್ಳೆಯದು ಉಳಿಸುವುದು, ಅಕ್ಕಿ ಆರಿಸಿದ ಹಾಗೆ. ಆ ಸಾಲಿನ ನಡುವೆ ರೀಡಿಂಗ್ ಇದ್ದಕ್ಕಿದ್ದ ಹಾಗೆ ಹತ್ತು ಪಟ್ಟು, ಇಪ್ಪತ್ತು ಪಟ್ಟು ಏರಿತ್ತು. ನನ್ನ ಕೈ ತಾನಾಗಿಯೇ ಗೀರು ಎಳೆಯಿತು. ತಾಗಿಲ್ಲ, ಹೊಡದ ಹಾಕು. ಎರಡು ದಿನದಲ್ಲಿ ಕೆಲಸ ಮುಗಿಸಿ ಚಿತ್ರ ತೆಗೆದೆ. ಜೌಗಿನ ನಡುವೆ ಹೆಪ್ಪುಗಟ್ಟಿದ ನೆಲವೇ ಇರಲಿಲ್ಲ. ವಾಲ್ಟ್ ನೋಡಿ ಗಾಬರಿಯಾದರು, ಆಮೇಲೆ ಹುರುಪಾದರು. "ಕರಗಿಹೋಗಿದೆ! ಇಷ್ಟು ಬೇಗ!" ಅಂತ ನಾಲ್ಕು ಕಡೆ ಮೇಲ್ ಕಳಿಸಿದರು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ದಸ್ತಗೀರನೂ ನಾನೂ ಡ್ರೈವ್ ಮಾಡಿಕೊಂಡು ಚಿಕಾಗೋಗೆ ಹೋದೆವು. ಜೋಳದ ಹಿಟ್ಟು, ಗುರೆಳ್ಳು, ಫೋನ್ ಕಾರ್ಡು ತರಬೇಕಿತ್ತು. ನಮ್ಮ ದೇಶದ ಅಂಗಡಿಗಳೇ ತುಂಬಿದ ಡೆವನ್ ಅವೆನ್ಯೂನಲ್ಲಿ ಪಾರ್ಕಿಂಗಿಗೆ ಮುಕ್ಕಾಲು ತಾಸು ಸುತ್ತಿ, ಹೊಟ್ಟೆ ಚುರುಗುಟ್ಟಿ, ಒಂದು ಹೋಟೆಲಿಗೆ ನುಗ್ಗಿದೆವು. ಎದುರಿನ ಖುರ್ಚಿಯಲ್ಲಿ ಭಟ್ಕಳದ ಕಡೆಯ ಒಬ್ಬ ಅಂಕಲ್ಲು ಕೂತಿದ್ದರು, ಪರಿಚಯವಾಯಿತು. ನಿಮ್ಮ ತಂದೆ ಏನು ಮಾಡ್ತಿದ್ರು ಅಂತ ಕೇಳಿದರು. ಅಪ್ಪನ ಸುದ್ದಿ ತೆಗೆದರೆ ನನಗೆ ಬಾಯಿ ನಿಲ್ಲುವುದಿಲ್ಲ. ಬಿರಿಯಾನಿ ಕಲಸುತ್ತ ಎಲ್ಲಾ ಹೇಳಿದೆ, ತೆಂಗಿನಕಾಯಿ, ಯಂತ್ರ, ಉಪ್ಪುನೀರು. "ರೀಡಿಂಗ್ ಭಾಳ ಏರಿತು ಅಂದ್ರ ಅಪ್ಪ ನೋಡೂದೇ ಇಲ್ರಿ, ತಾಗಿಲ್ಲ ಅಂತ ಹೊಡದ ಹಾಕಿಬಿಡಾಂವ," ಅಂದೆ.

ಅಂದೆ, ಮತ್ತೆ ಕೈ ಅಲ್ಲೇ ನಿಂತಿತು.

"ಏನ ಆತು? ಮೆಣಸಿನಕಾಯಿ ಕಡದೇನು?" ಅಂದ ದಸ್ತಗೀರ.

"ಐಸ್ ಇತ್ತಲ್ಲೋ. ನಾ ಹೊಡದ ಹಾಕೀನಿ."

ಕೊಪ್ಪಳದಲ್ಲಿ ಎಲ್ಲಿಯ ಐಸು? ಅಲ್ಲಿ ಅತಿ ಏರಿದ ರೀಡಿಂಗ್ ಅಂದರೆ ಸುಳ್ಳು ರೀಡಿಂಗ್. ಆದರೆ ನೀರು ಹೆಪ್ಪುಗಟ್ಟಿದರೆ ಅದೂ ಬಂಡೆಯ ಹಾಗೇ ಕರೆಂಟು ತಡೆಯುತ್ತದೆ. ಪುಸ್ತಕದಲ್ಲಿ ನಾನೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ತಲೆಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಹುಡುಕಬೇಕಾದದ್ದನ್ನೇ ಆರಿಸಿ ಆರಿಸಿ ಕಸಕ್ಕೆ ಹಾಕಿದ್ದೆ ನಾನು! ದಸ್ತಗೀರ, "ಊಟ ಮುಗಿಸು ಮೊದಲ. ಐಸ್ ಎಲ್ಲಿ ಹೊಕ್ಕೈತಿ, ಇದ್ದಲ್ಲೇ ಇರ್ತೈತಿ," ಅಂದ. ಒಂದು ತುತ್ತೂ ಇಳಿಯಲಿಲ್ಲ. ಫೋನ್ ಕಾರ್ಡು ಮಾತ್ರ ಕೊಂಡು, ಜೋಳದ ಹಿಟ್ಟು ಕೊಳ್ಳುವುದನ್ನೂ ಮರೆತು ಬಂದೆವು.

ಸೋಮವಾರ ಬೆಳಿಗ್ಗೆ ಹೊಡೆದುಹಾಕಿದ ಸಾಲುಗಳನ್ನೆಲ್ಲ ಮತ್ತೆ ತೆಗೆದೆ. ಪ್ರತಿ ರೀಡಿಂಗನ್ನೂ ಮೂರು ಮೂರು ಸಲ ತೆಗೆದಿದ್ದರು. ಗೂಟ ಸರಿಯಾಗಿ ತಾಗದಿದ್ದರೆ ಮೂರೂ ಸಲ ಬೇರೆ ಬೇರೆ ಬರುತ್ತದೆ, ರೀಡಿಂಗ್ ಕುಣಿಯುತ್ತದೆ. ನೆಲವೇ ಹಾಗಿದ್ದರೆ ಎಷ್ಟು ಸಲ ಕೇಳಿದರೂ ಒಂದೇ ಉತ್ತರ. ಮೂರೂ ಸಲ ಒಂದೇ ಇತ್ತು. ಅದನ್ನು ನಾನು ಮೊದಲೇ ನೋಡಬೇಕಿತ್ತು, ನೋಡಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತ ನೇರ ವಾಲ್ಟ್ ಕೋಣೆಗೆ ಹೋಗಿ ಹೇಳಿದೆ.

"ಮೊದಲು ಐಸ್ ಇಲ್ಲ ಅಂದೆ, ಈಗ ಇದೆ ಅಂತಿದೀಯ. ನಿನ್ನ ಥೀಸಿಸ್ ಕಮಿಟಿಯವರು ಇದನ್ನ ಹೇಗೆ ನಂಬಬೇಕು? ನಾನು ಹೇಗೆ ನಂಬಲಿ?" ಅಂದರು. "ಎರಡೇ ಎರಡು ತೂತು. ಮಾರ್ಚಿನಲ್ಲಿ ಡ್ರಿಲ್ ಕಳಿಸೋಣ. ಆ ಜನರಿಗೆ ನಾನು ಮತ್ತೆ ಪತ್ರ ಬರೀತೀನಿ, ಸಣ್ಣ ತೂತು ಅಂತ ತಿಳಿಸಿ ಹೇಳ್ತೀನಿ. ಅವರೂ ಒಪ್ಪಬಹುದು, ನಿನ್ನ ಡಿಗ್ರಿಯೂ ಆಗುತ್ತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಲೆಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು. ತಪ್ಪು ಮಾಡಿದವಳು ನಾನು, ಕ್ಯಾಂಟನ್‌ನಲ್ಲಿ ಹೀಟರ್ ಹಾಕಿಕೊಂಡು ಕೂತವಳು. ತೂತು ಬೀಳುವುದು ಅವರ ನೆಲಕ್ಕೆ.

"ನನ್ನ ತಪ್ಪಿಗೆ ಅವರ ನೆಲ ಯಾಕೆ ಕೊರೀಬೇಕು ಸರ್? ನನ್ನನ್ನು ಪರೀಕ್ಷೆ ಮಾಡಿ. ಇಲ್ಲೇ ಮಾಡಿ. ನನಗೆ ಗೊತ್ತಿಲ್ಲದ ಜಾಗದಲ್ಲಿ ಹೆಪ್ಪುಗಟ್ಟಿದ ನೆಲ ಎಲ್ಲಿದೆ ಅಂತ ಅಗೆಯದೆ ಹೇಳ್ತೀನಿ. ತಪ್ಪಿದರೆ ನಾನೇ ಬಿಟ್ಟು ಹೋಗ್ತೀನಿ. ಸರಿ ಇದ್ದರೆ ಡ್ರಿಲ್ ಮಾತು ಎತ್ತಬಾರದು."

ವಾಲ್ಟ್ ಕನ್ನಡಕ ತೆಗೆದು ಒರೆಸಿಕೊಂಡು, ಸರಿ, ಜಾಗ ಹುಡುಕು ಅಂದರು.

ಆ ಶನಿವಾರ ಸಂಜೆ ಅಪ್ಪನಿಗೆ ಫೋನ್ ಹಚ್ಚಿದೆ, ಅಲ್ಲಿ ಭಾನುವಾರ ಬೆಳಿಗ್ಗೆ. ರಿಟೈರ್ ಆಗಿ ನಾಲ್ಕು ವರ್ಷವಾಗಿತ್ತು. ಅಳುತ್ತಲೇ ಎಲ್ಲಾ ಹೇಳಿದೆ. ಅಪ್ಪ ನಕ್ಕುಬಿಟ್ಟ!

"ನಾ ಕಲಿಸಿದ್ದು ನೀರು ಹುಡುಕೂದು. ನೀ ಹುಡುಕಾಕತ್ತಿದ್ದು ಕಲ್ಲಾದ ನೀರು. ನನ್ನ ವಿದ್ಯಾ ಅಲ್ಲಿಗೆ ಉಲ್ಟಾ ಆಗ್ತೈತಿ, ಅಷ್ಟ. ಅಳಬ್ಯಾಡ."

"ಬಿಟ್ಟು ಹೋಗ್ತೀನಿ ಅಂತ ಬ್ಯಾರೆ ಹೇಳಿಬಿಟ್ಟೆ ಅಪ್ಪಾ."

"ಚಲೋ ಆತು. ಈಗ ಗೂಟ ಸರಿಯಾಗಿ ಬಡೀತಿ."

ಜಾಗ ಕೊಟ್ಟವರು ಸರೋಜಾ ಆಂಟಿ. ಮೈಸೂರಿನವರು, ಮಕ್ಕಳ ಡಾಕ್ಟರಾಗಿ ರಿಟೈರ್ ಆದವರು, ವೆಸ್ಟ್ ಬ್ಲೂಮ್‌ಫೀಲ್ಡಿನ ದೊಡ್ಡ ಮನೆಯಲ್ಲಿ ಒಬ್ಬರೇ ರಾಣಿಯ ಹಾಗೆ ಇದ್ದರು. ಯುಗಾದಿ ದಿನ ಪಾಯಸದ ಪ್ರಸಂಗ ನೋಡಿ ಬಿದ್ದು ಬಿದ್ದು ನಕ್ಕು ನನ್ನ ಫೋನ್ ನಂಬರ್ ತೆಗೆದುಕೊಂಡವರು ಅವರೇ. ಅವರ ಹಿತ್ತಲು ಇಳಿಜಾರಾಗಿ ಇಳಿದು ಒಂದು ಸಣ್ಣ ಪೀಟ್ ಜೌಗಿಗೆ ಸೇರುತ್ತಿತ್ತು. ಉತ್ತರದ ಹಾಗೆ ವರ್ಷವಿಡೀ ಹೆಪ್ಪುಗಟ್ಟುವ ನೆಲವಲ್ಲ, ಚಳಿಗಾಲದ್ದು ಮಾತ್ರ. ಆದರೆ ಅದರಲ್ಲೂ ಒಂದು ಮರ್ಮವಿದೆ. ಹಿಮ ಸಡಿಲವಾಗಿ ಬಿದ್ದ ಕಡೆ ಅದು ಕಂಬಳಿ ಹೊದಿಸಿದ ಹಾಗೆ, ಅಡಿಯ ಪೀಟ್ ಮೆತ್ತಗೇ ಉಳಿಯುತ್ತದೆ. ಜನ ತುಳಿದು ಹಿಮ ಗಟ್ಟಿಯಾದ ಕಡೆ ಚಳಿ ಒಳಗೆ ಇಳಿದು ನೆಲ ಹೆಪ್ಪುಗಟ್ಟುತ್ತದೆ. ಜನವರಿಯಲ್ಲಿ ಪಕ್ಕದ ಮನೆಯ ಮಕ್ಕಳು ಆ ಇಳಿಜಾರಿನಲ್ಲಿ ದಿನಾ ಸ್ಲೆಡ್ ಹಲಗೆಯ ಮೇಲೆ ಕೂತು ಜಾರುತ್ತ ಜೌಗಿನವರೆಗೂ ಹೋಗುತ್ತಿದ್ದರಂತೆ. ಎಲ್ಲಿ ಅಂತ ಆಂಟಿಗೆ ಗೊತ್ತು, ನನಗಾಗಲಿ ವಾಲ್ಟ್‌ಗಾಗಲಿ ಗೊತ್ತಿಲ್ಲ.

"ನಾನು ಬಾಯಿ ಬಿಡಲ್ಲ ಕಣೇ ಮಾಬೂಬಿ, ನೀನು ಕಾಲಿಗೆ ಬಿದ್ರೂ," ಅಂದರು ಆಂಟಿ. "ಆದ್ರೆ ಒಂದು. ಹಿತ್ತಲನ್ನ ಅಗೆದುಗಿಗೆದು ಇಟ್ರೆ ನಮ್ಮ ಲೇಔಟ್ ಅಸೋಸಿಯೇಷನ್‌ನೋರು ನಂಗೆ ಲೆಟರ್ ಕಳಿಸ್ತಾರೆ. ಮೊದ್ಲೇ ಆ ಪ್ರೆಸಿಡೆಂಟಿಗೆ ನನ್ನ ಕಂಡ್ರೆ ಆಗಲ್ಲ."

"ಅಗಿಯೂ ಮಾತೇ ಇಲ್ರಿ ಆಂಟಿ, ಅದಕ್ಕೇ ಬಂದೀನಿ," ಅಂದೆ.

ಫೆಬ್ರವರಿಯ ಮೊದಲ ವಾರ ಎರಡು ಅಡಿ ಹಿಮ ಬಿತ್ತು. ಎಲ್ಲಾ ದಾರಿಗಳೂ ಮುಚ್ಚಿಹೋದವು. ಆಂಟಿ ಆಗ ಚಿಕಾಗೋದಲ್ಲಿ ಮಗಳ ಮನೆಗೆ ಹೋಗಿದ್ದರು, ಶುಕ್ರವಾರ ಸಂಜೆ ವಾಪಸ್ ಬಂದರು. ಶನಿವಾರ ಬೆಳಿಗ್ಗೆ ಎಂಟಕ್ಕೆ ನಾನು, ದಸ್ತಗೀರ, ವಾಲ್ಟ್ ಅಲ್ಲಿದ್ದೆವು. ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೆಲ್ಸಿಯಸ್‌ನಲ್ಲಿ ಸೊನ್ನೆಗಿಂತ ಹನ್ನೆರಡು ಕೆಳಗೆ. ಹಿತ್ತಲು ಬಿಳಿ ಹಾಳೆಯ ಹಾಗೆ ಬಿದ್ದಿತ್ತು, ಒಂದು ಗುರುತಿಲ್ಲ. ಜೌಗಿನ ಅಂಚಿಗೆ ನೂರು ಅಡಿ ಉದ್ದ ಹಗ್ಗ ಎಳೆದು, ಎರಡೆರಡು ಅಡಿಗೆ ಹಿಮ ಸರಿಸಿ, ಮೇಲಿನ ಪಾಚಿಗೆ ಮಾತ್ರ ತಾಗುವಷ್ಟು, ಎರಡೇ ಅಂಗುಲ ಗೂಟ ಬಡಿದೆವು. ಪ್ರತಿ ಗೂಟದ ಬುಡಕ್ಕೂ ಬಿಸಿ ಉಪ್ಪುನೀರು. ಈ ಸಲ ಕ್ಯಾನು ಹೊತ್ತವನು ದಸ್ತಗೀರ. "ಮಾವಗ ಹೇಳಬ್ಯಾಡ, ಅಳಿಯಾನ ಕೈಲೆ ನೀರು ಹೊರಸ್ಯಾಳ ಅಂತ ಹೆಮ್ಮಿ ಪಡ್ತಾನ," ಅಂದ. ಅವನ ಮೀಸೆ ಮೇಲೆ ಉಸಿರು ಮಂಜಾಗಿತ್ತು.

ಹನ್ನೊಂದರ ಹೊತ್ತಿಗೆ ರೀಡಿಂಗ್ ಮುಗಿದು ಆಂಟಿಯ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತೆ. ಆಂಟಿ ಅವರೆಕಾಳು ಉಪ್ಪಿಟ್ಟು ಮಾಡಿದ್ದರು. ವಾಲ್ಟ್ ಫೋರ್ಕಿನಿಂದ ಒಂದೊಂದೇ ಅವರೆಕಾಳು ಚುಚ್ಚಿ ತಿನ್ನುತ್ತ ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು. ಮೂವತ್ತನೇ ಅಡಿಯಿಂದ ಮೂವತ್ತೆಂಟರವರೆಗೆ ರೀಡಿಂಗ್ ಏರಿತ್ತು, ಅಗಲವಾದ ಪಟ್ಟಿ. ಅದು ಸ್ಲೆಡ್ ದಾರಿ ಅಂತ ನೋಡಿದರೇ ತಿಳಿಯುತ್ತಿತ್ತು. ಆದರೆ ಎಪ್ಪತ್ತೆರಡನೇ ಅಡಿಯಲ್ಲಿ ಇನ್ನೊಂದು ಇತ್ತು. ಕಿರಿದು, ಬರೀ ಎರಡು ಅಡಿ, ಆದರೆ ಸೂಜಿಯ ಹಾಗೆ ನೆಟ್ಟಗೆ ಏರಿತ್ತು.

"ಅದು ಒಂದೇ ಗೂಟದ ತೊಂದರೆ, ತಾಗಿಲ್ಲ. ತೆಗೆದುಹಾಕು," ಅಂದರು ವಾಲ್ಟ್.

ನೋಡಿ, ಅಪ್ಪನ ಮಾತೇ! ಅದೂ ಈ ಮನುಷ್ಯನ ಬಾಯಲ್ಲಿ. ನಾನು ಮೂರೂ ಸಲದ ರೀಡಿಂಗ್ ತೆಗೆದು ನೋಡಿದೆ. ಮೂರೂ ಒಂದೇ. ಹೊರಗೆ ಓಡಿ, ಇನ್ನಷ್ಟು ಉಪ್ಪುನೀರು ಸುರಿದು, ಗೂಟ ಕಿತ್ತು ಬಡಿದು, ನಾಲ್ಕನೇ ಸಲ ತೆಗೆದೆ. ಅದೇ ಬಂತು. ಒಳಗೆ ಬಂದು ಆಂಟಿಯನ್ನು ಕೇಳಿದೆ, "ಆಂಟಿ, ಜಾಗ ಹೇಳಬ್ಯಾಡ್ರಿ. ಸ್ಲೆಡ್ ದಾರಿ ಒಂದೇನೋ, ಎರಡೋ, ಅಷ್ಟ ಹೇಳ್ರಿ."

"ಒಂದೇ ಕಣಮ್ಮ. ಬೇರೆ ಯಾರೂ ಆ ಕಡೆ ಹೋಗಲ್ಲ," ಅಂದು ಆಂಟಿ ಒಲೆಯ ಕಡೆ ತಿರುಗಿಕೊಂಡರು.

ವಾಲ್ಟ್‌ಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ, ಅವರು ಹುಬ್ಬು ಏರಿಸಿದರು. "ಕೇಳಿದೆಯಲ್ಲ. ಇಟ್ಟುಕೊಂಡರೆ ನೀನು ತಪ್ಪಿದ ಹಾಗೆ. ತೆಗೆದರೆ ನೀನು ಗೆದ್ದ ಹಾಗೆ. ನಿನಗೆ ಬಿಟ್ಟದ್ದು."

ಎರಡು ನಿಮಿಷ ಕೂತೆ, ಇರಬಹುದು. ಒಂದು ಗೀರು ಎಳೆದರೆ ಸಾಕು, ಡಿಗ್ರಿ ಉಳಿಯುತ್ತಿತ್ತು, ಆ ಜನರ ನೆಲವೂ ಉಳಿಯುತ್ತಿತ್ತು. ಆದರೆ ಬೇರೆಯವರು ಇಲ್ಲ ಅಂದರು ಅಂತ ನೆಲ ಹೇಳಿದ್ದನ್ನು ಹೊಡೆದುಹಾಕಿದರೆ, ನನಗೂ ತೆಂಗಿನಕಾಯಿಯವನಿಗೂ ಏನು ವ್ಯತ್ಯಾಸ? ಕಾಗದ ತೆಗೆದುಕೊಂಡು ಬರೆದೆ. ಮೂವತ್ತರಿಂದ ಮೂವತ್ತೆಂಟು, ಹೆಪ್ಪುಗಟ್ಟಿದೆ, ದಪ್ಪ ಹತ್ತರಿಂದ ಹದಿನಾರು ಅಂಗುಲ. ಎಪ್ಪತ್ತೆರಡು, ಹೆಪ್ಪುಗಟ್ಟಿದೆ. ಉಳಿದ ಕಡೆ ಇಲ್ಲ. ಕೆಳಗೆ ಸಹಿ ಹಾಕಿ ಆಂಟಿಯ ಕೈಗೆ ಕೊಟ್ಟೆ. ದಸ್ತಗೀರ ನನ್ನ ಮುಖ ನೋಡಲಿಲ್ಲ, ತಟ್ಟೆ ತೊಳೆಯಲು ಎದ್ದ.

ಪರೀಕ್ಷೆಗೆ ಇದ್ದದ್ದು ಬೆರಳು ದಪ್ಪದ ಒಂದು ಉಕ್ಕಿನ ಸಲಾಕೆ. ನೆಲಕ್ಕೆ ಒತ್ತಿದರೆ ಮೆತ್ತಗಿನ ಪೀಟ್‌ನಲ್ಲಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತದೆ, ಹೆಪ್ಪುಗಟ್ಟಿದ್ದರೆ ಟಕ್ ಅಂತ ನಿಲ್ಲುತ್ತದೆ. ಎಳೆದುಕೊಂಡರೆ ಗುರುತೂ ಉಳಿಯುವುದಿಲ್ಲ. ವಾಲ್ಟ್ ಒಂದು ತುದಿಯಿಂದ ಚುಚ್ಚುತ್ತ ಬಂದರು. ಹತ್ತು, ಇಪ್ಪತ್ತು, ಸಲೀಸು. ಮೂವತ್ತರಲ್ಲಿ ಟಕ್. ಮೂವತ್ತೆಂಟು ದಾಟಿದ ಮೇಲೆ ಮತ್ತೆ ಸಲೀಸು. ಆಂಟಿ ಚಪ್ಪಾಳೆ ತಟ್ಟಿ, "ಅದೇ, ಅದೇ ಮಕ್ಕಳ ದಾರಿ!" ಅಂದರು. ವಾಲ್ಟ್ ಚುಚ್ಚುತ್ತ ಮುಂದೆ ಹೋದರು. ಐವತ್ತು. ಅರವತ್ತು. ಎಪ್ಪತ್ತರಲ್ಲೂ ಸಲಾಕೆ ಮೊಳದುದ್ದ ಇಳಿಯಿತು.

ಎಪ್ಪತ್ತೆರಡು. ಟಕ್.

ವಾಲ್ಟ್ ಸಲಾಕೆ ಎತ್ತಿ ಮತ್ತೆ ಒತ್ತಿದರು. ಟಕ್. ಪೂರ್ತಿ ಭಾರ ಹಾಕಿದರು. ಅಲ್ಲಾಡಲಿಲ್ಲ.

"ಅಯ್ಯೋ ರಾಮ," ಅಂತ ಹಿಂದಿನಿಂದ ಆಂಟಿಯ ದನಿ ಬಂತು. "ಅದು ನಾನೇ ಕಣೇ! ನಾನೇ!" ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ದಿನಾ ಬೆಳಿಗ್ಗೆ ಜಿಂಕೆಗೆ ಹಾಕೋಕೆ ಹೋಗ್ತಿದ್ದೆ. ಮೈಸೂರಲ್ಲಿ ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ ಎಲ್ಲಾ ಹಸುವಿಗೆ ಅಂತ ಕಲಗಚ್ಚಿನ ಬಕೆಟ್ಟಿಗೆ ಹಾಕಿ ಬೆಳೆದೋಳು ನಾನು, ಕಸದ ಬುಟ್ಟಿಗೆ ಹಾಕೋಕೆ ಮನಸ್ಸೇ ಬರಲ್ಲ. ಇಲ್ಲಿ ಜಿಂಕೆಗೆ ಏನೂ ಹಾಕಬಾರದು ಅಂತ ರೂಲ್ಸು. ಅದಕ್ಕೇ ಬಾಯಿ ಬಿಡಲಿಲ್ಲ. ಯಾರಿಗೂ ಹೇಳ್ಬೇಡವೇ, ಆ ಪ್ರೆಸಿಡೆಂಟು ನನ್ನ ತಿಂದುಹಾಕ್ತಾನೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬಂತು. ಎಪ್ಪತ್ತು ವರ್ಷದ ಹೆಂಗಸು ಗುಟ್ಟಾಗಿ ನಡೆದ ದಾರಿಯನ್ನು ಎರಡು ಅಡಿ ಹಿಮ ಮುಚ್ಚಿತ್ತು, ಅವರೂ ಮುಚ್ಚಿಟ್ಟಿದ್ದರು, ನೆಲ ಮಾತ್ರ ಹೇಳಿಬಿಟ್ಟಿತ್ತು. ವಾಲ್ಟ್‌ಗೆ ಹೇಳಿದ್ದು ಇಷ್ಟೇ: "ಇಲ್ಲಿ ಯಾರೋ ದಿನಾ ನಡೆದಿದ್ದಾರೆ ಸರ್. ಯಾರು ಅಂತ ಕೇಳಬೇಡಿ."

ಅವರು ಆಂಟಿಯ ಕೆಂಪಾದ ಮುಖ ನೋಡಿದರು, ಕೇಳಲಿಲ್ಲ. ಆದರೆ ನೇರ ಗರಾಜಿಗೆ ಹೋಗಿ ಸಲಿಕೆ ಹಿಡಿದುಕೊಂಡು ಬಂದರು. ಮುಖದಲ್ಲಿ ಹುರುಪು. "ಜಾಗ ಸರಿ. ದಪ್ಪ ಹತ್ತರಿಂದ ಹದಿನಾರು ಅಂತ ಬರೆದಿದೀಯ, ಅದು ಬಹಳ ಸಡಿಲ. ಹತ್ತು ನಿಮಿಷ ಅಗೆದರೆ ಸರಿಯಾದ ಅಂಗುಲ ಸಿಗುತ್ತೆ, ಆಮೇಲೆ ಯಾರೂ ಪ್ರಶ್ನೆ ಮಾಡಲ್ಲ."

ನಾನು ಹೋಗಿ ಮೂವತ್ತನಾಲ್ಕನೇ ಅಡಿಯ ಮೇಲೆ ನಿಂತೆ.

"ಇಲ್ಲ ಸರ್."

"ಇದು ಆ ಜೌಗಲ್ಲ, ಹಿತ್ತಲು."

"ಅಲ್ಲಿ ಅಗೆಯೋ ಹಾಗಿಲ್ಲ, ಅದಕ್ಕೇ ಇಲ್ಲೂ ಅಗೆಯೋ ಹಾಗಿಲ್ಲ. ಇಲ್ಲಿ ಅಗೆದು ನೋಡಿಯೇ ನಂಬಿದರೆ, ನಾಳೆ ಅಲ್ಲೂ ಅಗೆದೇ ನೋಡಬೇಕು ಅಂತೀರ. ಹತ್ತರಿಂದ ಹದಿನಾರು, ಅಷ್ಟೇ ನನಗೆ ಗೊತ್ತು. ಅದಕ್ಕಿಂತ ಹೆಚ್ಚು ಗೊತ್ತಿಲ್ಲ ಅಂತಲೇ ಬರೀತೀನಿ. ನಂಬೋದಾದರೆ ಈಗ ನಂಬಿ. ಇಲ್ಲಾಂದ್ರೆ ನಾನು ಇಲ್ಲಿಂದ ಕದಲಲ್ಲ."

"ನಂದೂ ಅದೇ ಮಾತು," ಅಂದರು ಆಂಟಿ ಇಂಗ್ಲಿಷಿನಲ್ಲಿ, ಶಾಲು ಬಿಗಿಮಾಡಿಕೊಂಡು ಬಂದು ನನ್ನ ಪಕ್ಕ ನಿಂತು. "ನನ್ನ ಹಿತ್ತಲು." ದಸ್ತಗೀರ ಉಪ್ಪುನೀರಿನ ಕ್ಯಾನು ಕೆಳಗಿಟ್ಟು ಈ ಕಡೆಗೆ ಬಂದು ನಿಂತ. ಅವನಿಗೆ ಜಗಳ ಅಂದರೆ ಆಗುವುದಿಲ್ಲ, ಆದರೂ ನಿಂತ.

ಎಷ್ಟು ಹೊತ್ತು ನಿಂತಿದ್ದೆವೋ. ಕಾಲಿನ ಬೆರಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ವಾಲ್ಟ್ ಸಲಿಕೆಯನ್ನು ಒಮ್ಮೆ ನೋಡಿದರು, ಕಾಗದವನ್ನು ಒಮ್ಮೆ ನೋಡಿದರು. ಆಮೇಲೆ ಸಲಿಕೆ ಹೆಗಲಿಗೆ ಹಾಕಿಕೊಂಡು ಗರಾಜಿಗೆ ವಾಪಸ್ ಇಟ್ಟು ಬಂದರು. "ಸೋಮವಾರ ಡ್ರಿಲ್‌ನವರಿಗೆ ಬೇಡ ಅಂತ ಬರೀತೀನಿ," ಅಂದರು. "ಇನ್ನೂ ಸ್ವಲ್ಪ ಆ ಅವರೆಕಾಳು ಇದೆಯಾ?"

ಬರೆದರು ಕೂಡ. ಏಪ್ರಿಲ್‌ನಲ್ಲಿ ಕಮಿಟಿ ಮುಂದೆ ನಿಂತಾಗ ಒಬ್ಬರು ಕೇಳಿಯೇ ಕೇಳಿದರು, ಅಗೆದು ಖಾತ್ರಿ ಮಾಡಿಕೊಂಡಿರಾ ಅಂತ. ಇಲ್ಲ ಅಂದೆ. ಅಕ್ಟೋಬರಿನ ನನ್ನ ತಪ್ಪನ್ನೂ ನಾನೇ ತೋರಿಸಿದೆ, ಹಿತ್ತಲಿನ ಕಾಗದವನ್ನೂ ತೋರಿಸಿದೆ. ಆ ವ್ಯಕ್ತಿ ವಾಲ್ಟ್ ಕಡೆ ತಿರುಗಿದರು. ವಾಲ್ಟ್, "ನಾನು ಸಲಿಕೆ ಹಿಡಿದು ನಿಂತಿದ್ದೆ. ಅವಳು ಬಿಡಲಿಲ್ಲ. ಬಿಡದಿದ್ದದ್ದೇ ಸರಿ," ಅಂದರು. ಉತ್ತರದ ಆ ಜೌಗಿಗೆ ನಾನು ಇವತ್ತಿನವರೆಗೂ ಹೋಗಿಲ್ಲ. ನಮ್ಮ ಕಡೆಯಿಂದ ಅಲ್ಲಿ ಒಂದೂ ತೂತು ಬೀಳಲಿಲ್ಲ.

ಆದರೆ ಆ ಚಳಿಗಾಲ ನನಗೆ ಮುಗಿದದ್ದು ಏಪ್ರಿಲ್‌ನಲ್ಲಲ್ಲ, ಹಿತ್ತಲಿನ ದಿನವೇ, ಸಂಜೆ ಏಳಕ್ಕೆ. ಕಾಲು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು ಡೆವನ್‌ನಿಂದ ತಂದ ಕೊನೆಯ ಫೋನ್ ಕಾರ್ಡು ಗೀಚಿ ಅಪ್ಪನಿಗೆ ಹಚ್ಚಿದೆ. ಸ್ಲೆಡ್ಡು, ಜಿಂಕೆ, ಸಲಾಕೆ ಎಲ್ಲಾ ಒಂದೇ ಉಸಿರಿಗೆ ಹೇಳಿದೆ. ಅಪ್ಪ ಹೂಂ, ಹೂಂ ಅನ್ನುತ್ತ ಕೇಳಿದ.

"ಕಡೀಕ ಅಗದ ನೋಡಿದ್ರೇನು?" ಅಂದ.

"ಇಲ್ಲಪಾ. ಅಗಿಯಾಕ ಬಿಡಲಿಲ್ಲ ನಾ."

"ಮತ್ತ?"

"ನಂಬಿದ್ರು."

ಲೈನ್ ಕಟ್ಟಾಯಿತು ಅಂದುಕೊಂಡು ಎರಡು ಸಲ ಹಲೋ ಅಂದೆ.

"ಅದೀನಿ," ಅಂದ ಅಪ್ಪ. "ನನ್ನ ಸರ್ವಿಸಿನಾಗ ಒಬ್ಬನೂ ಹಂಗ ನಂಬಿಲ್ಲ ನೋಡವಾ." "ಇನ್ನೊಮ್ಮೆ ಹೇಳು."

"ಅಗಿಯದ ನಂಬಿದ್ರಪಾ," ಅಂತ ಇನ್ನೊಮ್ಮೆ ಹೇಳಿದೆ.